ಹೊಸ ಕಂಪ್ಯೂಟರ್‌ಗೆ ಹಳೇ ಆಫೀಸ್ ಕೆಲಸ ಸಾಗಿಸುವುದು: ಯಾವುದು ಮೊದಲು, ಯಾವುದು ಆಮೇಲೆ

"ಸರ, ಹೊಸಾ ಲ್ಯಾಪ್‌ಟಾಪ್ ತಗೊಂಡೀವಿ. ಫೈಲ್ ತೆಗದ್ರ ಬರೇ ಇಂಗ್ಲಿಷ್ ಹುಳಾ ಬರ್ಲಾಕತ್ತಾವ್ರೀ."

ಕಲಬುರಗಿಯಲ್ಲಿ ಕಂಪ್ಯೂಟರ್ ರಿಪೇರಿ, ಡಿಟಿಪಿ ಕೆಲಸ ಮಾಡುವ ನನಗೆ ಈ ಫೋನ್ ಹೊಸದಲ್ಲ. ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಹಳೇ ಮಷೀನ್ ಎಲ್ಲಿದೆ? "ಎಕ್ಸ್‌ಚೇಂಜ್‌ಗೆ ಕೊಟ್ಟೀವ್ರೀ" ಅಂದರೆ ಅರ್ಧ ಕೆಲಸ ಕೆಟ್ಟ ಹಾಗೆಯೇ. ಹೊಸ ಆಫೀಸ್ (ವರ್ಡ್, ಎಕ್ಸೆಲ್ ಇರುವ ಮೈಕ್ರೋಸಾಫ್ಟ್ ಆಫೀಸ್) ಹಾಕುವುದು ಅರ್ಧ ಗಂಟೆಯ ಕೆಲಸ, ಅದರಲ್ಲಿ ಕೆಡುವವರು ಕಡಿಮೆ. ಕೆಡುವುದೆಲ್ಲ ಅದರ ಹಿಂದೆ ಮುಂದೆ. ಅದಕ್ಕೇ ಇಲ್ಲಿ ಕ್ರಮವನ್ನೇ ಹೆಚ್ಚು ಹೇಳಿದ್ದೇನೆ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಕೈ ಹಾಕಬೇಡಿ.

ಶುರು ಮಾಡುವ ಮೊದಲು ಕೈಯಲ್ಲಿ ಏನಿರಬೇಕು

ಹಳೇ ಕಂಪ್ಯೂಟರ್ ಓಡುವ ಸ್ಥಿತಿಯಲ್ಲಿ ಇರಬೇಕು. ಒಂದು ಹೊರಗಿನ ಹಾರ್ಡ್ ಡಿಸ್ಕ್ ಬೇಕು. ಪೆನ್ ಡ್ರೈವ್ ಒಂದನ್ನೇ ನಂಬಬೇಡಿ. ಸರಿಯಾದ ಇಂಟರ್‌ನೆಟ್ ಬೇಕು, ಮೊಬೈಲ್ ಹಾಟ್‌ಸ್ಪಾಟ್ ಆದರೆ ದಿನದ ಡೇಟಾ ಎಷ್ಟು ಉಳಿದಿದೆ ನೋಡಿಕೊಳ್ಳಿ. ಆಫೀಸ್ ಡೌನ್‌ಲೋಡ್ ಎಂದರೆ ಕೆಲವು ಜಿಬಿ. ಹಳೇ ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿ. ಏಪ್ರಿಲ್, ಮೇ ಮಧ್ಯಾಹ್ನ ಕಾಪಿ ನಡೆಯುವಾಗಲೇ ಕರೆಂಟ್ ಹೋದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಇನ್ನೊಂದು, ಒಂದು ನೋಟ್‌ಬುಕ್ ಮತ್ತು ಪೆನ್. ತಮಾಷೆಯಲ್ಲ, ಮೊದಲ ಹಂತಕ್ಕೇ ಬೇಕು.

ದಿನವನ್ನೂ ನೋಡಿ ಆರಿಸಿ. ಮಾರ್ಚ್ ಕೊನೆಯ ವಾರ, ಜಿಎಸ್‌ಟಿ ತುಂಬುವ ದಿನ, ತೊಗರಿ ಸೀಸನ್‌ನ ನಡುವೆ ಇದಕ್ಕೆ ಕೈ ಹಾಕಬೇಡಿ. ಶನಿವಾರ ಸಂಜೆ ಶುರು ಮಾಡಿದರೆ ಭಾನುವಾರ ನಿಮ್ಮ ಕೈಯಲ್ಲಿರುತ್ತದೆ.

ಹಂತ 1: ಹಳೇ ಮಷೀನ್‌ನಲ್ಲಿ ಏನಿದೆ ಅಂತ ಬರೆದುಕೊಳ್ಳಿ

ವರ್ಡ್ ತೆರೆದು ಫೈಲ್, ಅಕೌಂಟ್, ಅಬೌಟ್ ವರ್ಡ್ ಒತ್ತಿ. 2010 ಆದರೆ ಫೈಲ್ ಮೆನುವಿನ ಹೆಲ್ಪ್‌ನಲ್ಲಿ, 2007 ಆದರೆ ಮೇಲಿನ ದುಂಡು ಬಟನ್‌ನ ವರ್ಡ್ ಆಪ್ಶನ್ಸ್‌ನ ರಿಸೋರ್ಸಸ್‌ನಲ್ಲಿ ಸಿಗುತ್ತದೆ. ಯಾವ ವರ್ಷದ್ದು, 32 ಬಿಟ್ಟೋ 64 ಬಿಟ್ಟೋ ಬರೆದುಕೊಳ್ಳಿ. 2007ರಲ್ಲಿ ಬಿಟ್ ಹುಡುಕಬೇಡಿ, ಅದು ಬಂದದ್ದೇ 32ರಲ್ಲಿ.

ಆಮೇಲೆ ಲೈಸೆನ್ಸ್. ಡಬ್ಬಿಯಲ್ಲಿ ಕೊಂಡದ್ದಾದರೆ 25 ಅಕ್ಷರದ ಕೀ ಡಬ್ಬಿಯ ಒಳಗೋ ಡಿವಿಡಿ ಕವರ್ ಮೇಲೋ ಇರುತ್ತದೆ. ಕಂಪ್ಯೂಟರ್ ಜತೆಗೇ ಬಂದ ಆಫೀಸ್ ಆದರೆ ಅದು ಆ ಮಷೀನ್‌ಗೇ ಕಟ್ಟಿದ್ದು. ಹೊಸದಕ್ಕೆ ಎತ್ತಿಕೊಂಡು ಹೋಗಲು ಬರುವುದಿಲ್ಲ. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ಒಂದಿಡೀ ದಿನ ಕೀ ಒತ್ತುತ್ತಾ ಕೂತವರನ್ನು ನೋಡಿದ್ದೇನೆ.

ಮೂರನೆಯದು ಫಾಂಟ್. ನಮ್ಮ ಕಡೆ ಇದೇ ಎಲ್ಲಕ್ಕಿಂತ ಮುಖ್ಯ. ನಿಮ್ಮ ಹತ್ತು ಹಳೇ ಫೈಲ್ ತೆರೆದು, ಕನ್ನಡ ಅಕ್ಷರದ ಮೇಲೆ ಕರ್ಸರ್ ಇಟ್ಟು ಮೇಲಿನ ಡಬ್ಬಿಯಲ್ಲಿ ಯಾವ ಫಾಂಟ್ ಹೆಸರು ಬರುತ್ತದೆ ನೋಡಿ. ನುಡಿ 01 ಇ, ನುಡಿ 05 ಇ (ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನವು), ಬಿಆರ್‌ಎಚ್ ಕನ್ನಡ (ಬರಹ ಎಂಬ ಸಾಫ್ಟ್‌ವೇರ್‌ನದು), ತುಂಗಾ, ಹೀಗೆ ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ. ಕೊನೆಯ 'ಇ', 'ಕೆ' ಅಕ್ಷರ ಬಿಡಬೇಡಿ. ಒಂದರಲ್ಲಿ ಅಂಕಿ ಇಂಗ್ಲಿಷಿನದು, ಇನ್ನೊಂದರಲ್ಲಿ ಕನ್ನಡದ್ದು.

ಕೊನೆಗೆ ಒಂದು ಹಳೇ ಪ್ರಿಂಟ್ ತೆಗೆದಿಡಿ. ಅತಿ ಹೆಚ್ಚು ಬಳಸುವ ಮೂರು ನಾಲ್ಕು ಫೈಲ್ ಸಾಕು: ಬಿಲ್, ಅರ್ಜಿ, ಲೆಟರ್‌ಹೆಡ್, ಸಂಬಳದ ಪಟ್ಟಿ. ಹೊಸದರಲ್ಲಿ ಎಲ್ಲಾ ಸರಿ ಬಂತೋ ಇಲ್ಲವೋ ಅಂತ ಕಡೆಗೆ ಈ ಹಾಳೆಗಳ ಜತೆಗೇ ಹೋಲಿಸುವುದು.

ಹಂತ 2: ಎತ್ತಿಕೊಳ್ಳುವುದು, ಕಣ್ಣಿಗೆ ಕಾಣದ್ದನ್ನೂ ಸೇರಿಸಿ

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡಿ ಡ್ರೈವ್ ಇಷ್ಟನ್ನು ಎಲ್ಲರೂ ಕಾಪಿ ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಗಂಜ್ ಕಡೆಯ ಒಂದು ಅಡತಿ ಅಂಗಡಿಯ ಮಷೀನ್. ಮೂರೂ ಎತ್ತಿಕೊಂಡೆ, ಎಣಿಸಿ ನೋಡಿದೆ, ಫಾರ್ಮ್ಯಾಟ್ ಹೊಡೆದೆ. ಮರುದಿನ ಗುಮಾಸ್ತರು ಕೇಳಿದರು: "ನಮ್ಮ ಮೇಲ್ ಎಲ್ಲಾ ಎಲ್ಲಿ ಹೋದ್ವ್ರೀ?" ಅವರು ಔಟ್‌ಲುಕ್ 2007 ಬಳಸುತ್ತಿದ್ದರು. ಮೇಲ್ ಸರ್ವರ್‌ನಿಂದ ಇಳಿದು ಆ ಮಷೀನ್‌ನಲ್ಲೇ ಉಳಿಯುವ ಹಾಗೆ ಸೆಟ್ ಮಾಡಿದ್ದರು, ಸರ್ವರ್‌ನಲ್ಲಿ ಏನೂ ಇರಲಿಲ್ಲ. ಆ ಮೇಲ್ ಎಲ್ಲಾ ಇದ್ದ ಪಿಎಸ್‌ಟಿ ಎಂಬ ಫೈಲ್ ಕೂತಿದ್ದದ್ದು ಅಡಗಿಸಿಟ್ಟ ಆಪ್‌ಡೇಟಾ ಫೋಲ್ಡರ್‌ನಲ್ಲಿ. ವರ್ಷಗಟ್ಟಲೆಯ ಪತ್ರ ವ್ಯವಹಾರ ಹೋಯಿತು. ಅವರು ಬೈಯಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಹಾಗಾಗಿ ಮೊದಲು ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆನ್ ಮಾಡಿ. ವಿಂಡೋಸ್ 7 ಆದರೆ ಇದು ಫೋಲ್ಡರ್ ಆಪ್ಶನ್ಸ್‌ನಲ್ಲಿದೆ. ಆಮೇಲೆ ಇವನ್ನು ಹುಡುಕಿ ಎತ್ತಿಕೊಳ್ಳಿ:

- ಮೇಲ್ ಫೈಲ್. ಔಟ್‌ಲುಕ್ 2007 ಮತ್ತು ಅದಕ್ಕಿಂತ ಹಳೆಯದರಲ್ಲಿ ನಿಮ್ಮ ಯೂಸರ್ ಫೋಲ್ಡರ್‌ನ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ಔಟ್‌ಲುಕ್ ಒಳಗೆ ಇರುತ್ತದೆ. 2010ರಿಂದ ಈಚೆಗೆ ಡಾಕ್ಯುಮೆಂಟ್ಸ್‌ನ ಔಟ್‌ಲುಕ್ ಫೈಲ್ಸ್ ಫೋಲ್ಡರ್. ಎತ್ತುವಾಗ ಔಟ್‌ಲುಕ್ ಮುಚ್ಚಿರಬೇಕು.
- ವರ್ಡ್ ಟೆಂಪ್ಲೇಟ್. ಆಪ್‌ಡೇಟಾ, ರೋಮಿಂಗ್, ಮೈಕ್ರೋಸಾಫ್ಟ್, ಟೆಂಪ್ಲೇಟ್ಸ್. ಲೆಟರ್‌ಹೆಡ್, ಶಾರ್ಟ್‌ಕಟ್, ಮ್ಯಾಕ್ರೋ (ಫೈಲ್ ಒಳಗೆ ತಾನೇ ಕೆಲಸ ಮಾಡುವ ಸಣ್ಣ ಪ್ರೋಗ್ರಾಂ) ಇಲ್ಲೇ ಇರುತ್ತವೆ.
- ಎಕ್ಸೆಲ್‌ನ ಪರ್ಸನಲ್ ವರ್ಕ್‌ಬುಕ್. ಅದೇ ರೋಮಿಂಗ್ ಒಳಗೆ ಎಕ್ಸೆಲ್, ಎಕ್ಸ್‌ಎಲ್‌ಸ್ಟಾರ್ಟ್. ಸಂಖ್ಯೆಯನ್ನು ಅಕ್ಷರದಲ್ಲಿ ಬರೆಯುವ ಮ್ಯಾಕ್ರೋ ಯಾರೋ ಎಂದೋ ಹಾಕಿಕೊಟ್ಟಿರುತ್ತಾರೆ, ಅದು ಇಲ್ಲಿರಬಹುದು.
- ಫಾಂಟ್. ಸಿ ಡ್ರೈವ್, ವಿಂಡೋಸ್, ಫಾಂಟ್ಸ್. ನುಡಿ, ಬರಹ, ಡಿಟಿಪಿ ಫಾಂಟ್ ಎಲ್ಲಾ ಒಂದು ಬೇರೆ ಫೋಲ್ಡರ್‌ಗೆ.

ಆಫೀಸ್ ಅಲ್ಲದಿದ್ದರೂ ಇದೇ ಹೊತ್ತಿನಲ್ಲಿ ಎರಡು ಕೆಲಸ ಮುಗಿಸಿ. ಟ್ಯಾಲಿ ಇದ್ದರೆ ಡೇಟಾ ಬ್ಯಾಕಪ್ ತೆಗೆದು, ಹಳೇ ಮಷೀನ್‌ನಲ್ಲಿಯೇ ಲೈಸೆನ್ಸ್ ಸರೆಂಡರ್ ಮಾಡಿ, ಆಮೇಲೆ ಹೊಸದರಲ್ಲಿ ಆಕ್ಟಿವೇಟ್ ಮಾಡಬೇಕು. ಉರ್ದು ಲಗ್ನಪತ್ರಿಕೆ ಮಾಡುವ ಡಿಟಿಪಿಯವರು ಹಳೇ ಇನ್‌ಪೇಜ್ ಫೈಲ್‌ಗಳನ್ನು ಎತ್ತಿಟ್ಟುಕೊಳ್ಳಿ. ಆ ಸಾಫ್ಟ್‌ವೇರ್‌ಗೆ ಹಿಂದೆ ಚುಚ್ಚುವ ಡಾಂಗಲ್ ಇದ್ದರೆ ಅದನ್ನೂ ಕಿತ್ತಿಟ್ಟುಕೊಳ್ಳಿ. ಪೇಜ್‌ಮೇಕರ್ ಫೈಲ್ ಇದ್ದವರಿಗೆ ಒಂದು ಮಾತು: ಇನ್‌ಡಿಸೈನ್ ಸಿಎಸ್ 6ರವರೆಗೆ ಮಾತ್ರ ಅವನ್ನು ತೆರೆಯುತ್ತದೆ, ಆಮೇಲಿನವು ತೆರೆಯುವುದಿಲ್ಲ. ಹಳೇ ಮಷೀನ್‌ನಲ್ಲಿದ್ದಾಗಲೇ ಪಿಡಿಎಫ್ ಮಾಡಿಟ್ಟುಕೊಳ್ಳಿ.

ಕಾಪಿ ಮುಗಿದ ಮೇಲೆ ಹೊರಗಿನ ಡಿಸ್ಕ್‌ನಿಂದಲೇ ನಾಲ್ಕೈದು ಫೈಲ್ ತೆರೆದು ನೋಡಿ. ಫೋಲ್ಡರ್‌ನ ಹೆಸರು ಬಂತು ಅಂದರೆ ಒಳಗಿನದೂ ಬಂತು ಅಂತ ಅರ್ಥವಲ್ಲ.

ಹಂತ 3: ಯಾವ ಆಫೀಸ್?

ಇಲ್ಲಿ ಬಹಳ ಹೊತ್ತು ಕಳೆಯುವ ಅಗತ್ಯವಿಲ್ಲ.

2010ಕ್ಕೆ 2020ರಲ್ಲಿ, 2013ಕ್ಕೆ 2023ರಲ್ಲಿ, 2016 ಮತ್ತು 2019ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ. ಅವು ಓಡಬಹುದು, ಆದರೆ ಭದ್ರತೆಯ ತಿದ್ದುಪಡಿ ಬರುವುದಿಲ್ಲ. ಯಾರ್ಯಾರೋ ಕಳಿಸಿದ ಫೈಲ್ ತೆರೆಯುವ ಕಚೇರಿಗೆ ಇದು ಸಣ್ಣ ಮಾತಲ್ಲ. 2021ಕ್ಕೂ ಗಡುವು 2026ರ ಅಕ್ಟೋಬರ್ 13. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವುದಾದರೆ 2024 ನೋಡಿ, ಅದಕ್ಕೆ 2029ರ ಅಕ್ಟೋಬರ್‌ವರೆಗೆ ಬೆಂಬಲವಿದೆ. ವರ್ಷ ವರ್ಷ ಕಟ್ಟುವುದು ಮೈಕ್ರೋಸಾಫ್ಟ್ 365. ಕಟ್ಟುವುದು ನಿಲ್ಲಿಸಿದರೆ ಫೈಲ್ ತೆರೆದು ನೋಡಬಹುದು, ಪ್ರಿಂಟ್ ಹಾಕಬಹುದು, ತಿದ್ದಲು ಬರುವುದಿಲ್ಲ. "ನಮ್ಮ ಹತ್ರ 2010 ಐತಿ, ಅಪ್‌ಗ್ರೇಡ್ ರೇಟ್ ಎಷ್ಟು?" ಅಂತ ಕೇಳುವವರಿದ್ದಾರೆ. ಅಂಥ ರೇಟ್ ಇಲ್ಲ. ಹೊಸದನ್ನು ಪೂರ್ತಿಯೇ ಕೊಳ್ಳಬೇಕು.

ಲ್ಯಾಪ್‌ಟಾಪ್ ಜತೆಗೆ ಹೋಮ್ ಅಂಡ್ ಸ್ಟೂಡೆಂಟ್ ಬಂದಿದ್ದರೆ ಅದರಲ್ಲಿ ಔಟ್‌ಲುಕ್ ಇಲ್ಲ, ಆಕ್ಸೆಸ್ ಇಲ್ಲ, ಅಂಗಡಿ ವ್ಯವಹಾರಕ್ಕೆ ಬಳಸಲು ಅದರ ಲೈಸೆನ್ಸ್‌ನಲ್ಲಿ ಅನುಮತಿಯೂ ಇಲ್ಲ.

ಬರೀ ಪತ್ರ, ಸಾದಾ ಲೆಕ್ಕ ಸಾಕು ಅನ್ನುವವರಿಗೆ ಲಿಬ್ರೆಆಫೀಸ್ ಹಾಕಿ ಅಂತಲೇ ಹೇಳುತ್ತೇನೆ. ದುಡ್ಡಿಲ್ಲ, ಹಳೇ ವರ್ಡ್, ಎಕ್ಸೆಲ್ ಫೈಲ್ ತೆರೆಯುತ್ತದೆ. ಮ್ಯಾಕ್ರೋ ಇರುವ ಎಕ್ಸೆಲ್ ಇದ್ದರೆ ಮಾತ್ರ ಬೇಡ, ಅಲ್ಲಿ ತಕರಾರು ಬರುತ್ತದೆ.

ಎಚ್ಚರದ ಗುರುತು ಎರಡು. ಐನೂರು ರೂಪಾಯಿಗೆ "ಲೈಫ್‌ಟೈಮ್ ಕೀ" ಅಂತ ವಾಟ್ಸ್ಆಪ್‌ನಲ್ಲಿ ಬಂದರೆ ಅದು ಯಾವುದೋ ಸಂಸ್ಥೆಯ ದೊಡ್ಡ ಲೈಸೆನ್ಸ್‌ನಿಂದ ಸೋರಿದ್ದಿರಬಹುದು. ಇವತ್ತು ಓಡುತ್ತದೆ, ನಾಳೆ ನಿಲ್ಲುತ್ತದೆ. "ಆಂಟಿವೈರಸ್ ಆಫ್ ಮಾಡಿ ಈ ಆಕ್ಟಿವೇಟರ್ ಓಡಿಸಿ" ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ.

ಹಂತ 4: ಹೊಸ ಮಷೀನ್ ಸಿದ್ಧ ಮಾಡುವುದು

ಮೊದಲು ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿಸಿ, ರೀಸ್ಟಾರ್ಟ್ ಮಾಡಿ. ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್‌ನಲ್ಲಿ ಎಸ್ ಮೋಡ್ ಇದೆಯಾ ನೋಡಿ. ಕೆಲವು ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಹೀಗೆ ಬರುತ್ತವೆ. ಅದರಲ್ಲಿ ಸ್ಟೋರ್‌ನಿಂದ ಬಂದದ್ದು ಮಾತ್ರ ಓಡುತ್ತದೆ, ನುಡಿ ಸೆಟಪ್ ಓಡುವುದಿಲ್ಲ. ಹೊರಗೆ ಬರಲು ದುಡ್ಡು ಬೇಡ, ಆದರೆ ಒಮ್ಮೆ ಬಂದರೆ ವಾಪಸ್ ಹೋಗಲು ಆಗದು.

ಎರಡನೆಯದು, ಮೊದಲೇ ಕೂತಿರುವ ಆಫೀಸ್ ಟ್ರಯಲ್. ಬೇರೆ ಆಫೀಸ್ ಹಾಕುವುದಾದರೆ ಟ್ರಯಲ್ ತೆಗೆದು, ರೀಸ್ಟಾರ್ಟ್ ಮಾಡಿ, ಆಮೇಲೆ ಹಾಕಿ. ಎರಡೂ ಒಟ್ಟಿಗೆ ಕೂತರೆ ಆಕ್ಟಿವೇಶನ್ ಕೇಳುತ್ತಲೇ ಇರುತ್ತದೆ, ಯಾವುದು ತೆರೆಯುತ್ತಿದೆ ಅಂತಲೂ ತಿಳಿಯುವುದಿಲ್ಲ.

ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ: ರೀಜನ್. ಲ್ಯಾಪ್‌ಟಾಪ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಎಕ್ಸೆಲ್‌ನಲ್ಲಿ ನೀವು 5/4 ಅಂತ ಒತ್ತಿದ್ದು ಏಪ್ರಿಲ್ 5 ಆಗುವುದಿಲ್ಲ, ಮೇ 4 ಆಗುತ್ತದೆ. 12,34,567 ಅನ್ನುವುದು 1,234,567 ಅಂತ ಕಾಣುತ್ತದೆ. ಅಲ್ಪವಿರಾಮ ಕಣ್ಣಿಗೆ ಬೀಳುತ್ತದೆ. ತಾರೀಖು ಬೀಳುವುದಿಲ್ಲ. ಖರೀದಿ ಪಟ್ಟಿಯಲ್ಲಿ ಹದಿನೈದು ದಿನ ಹೀಗೆ ತುಂಬಿದ ಮೇಲೆ ಗೊತ್ತಾದರೆ ಯಾವುದು ಸರಿ ಯಾವುದು ತಪ್ಪು ಅಂತ ಬಿಲ್ ಹಿಡಿದು ಕೂತು ಬಿಡಿಸಬೇಕು. ಸೆಟ್ಟಿಂಗ್ಸ್, ಟೈಮ್ ಅಂಡ್ ಲ್ಯಾಂಗ್ವೇಜ್‌ನಲ್ಲಿ ರೀಜನಲ್ ಫಾರ್ಮ್ಯಾಟ್ ಇಂಡಿಯಾ ಮಾಡಿ, ಆಮೇಲೆ ಮುಂದೆ ಹೋಗಿ.

ನಾಲ್ಕನೆಯದು ಡಿ ಡ್ರೈವ್. ಹೊಸ ಲ್ಯಾಪ್‌ಟಾಪ್‌ನಲ್ಲಿ ಸಿ ಒಂದೇ ಇರುವುದು ಸಾಮಾನ್ಯ. ನಿಮ್ಮ ಎಕ್ಸೆಲ್ ಫೈಲ್‌ಗಳು ಒಂದಕ್ಕೊಂದು ಜೋಡಿಸಿಕೊಂಡಿದ್ದರೆ, ಅಂದರೆ ಒಂದರ ಮೊತ್ತ ಇನ್ನೊಂದರಲ್ಲಿ ಬರುತ್ತಿದ್ದರೆ, ಅವು ಡಿ ಡ್ರೈವ್‌ನ ದಾರಿಯನ್ನೇ ಹುಡುಕುತ್ತವೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಶ್ರಿಂಕ್ ಮಾಡಿ, ಡಿ ಮಾಡಿಕೊಂಡು, ಫೋಲ್ಡರ್ ಹೆಸರೂ ಹಳೆಯದೇ ಇಟ್ಟರೆ ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ. ಆದರೆ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ಗೆ ಬೀಗ ಬಿದ್ದಿರಬಹುದು. ಡಿಸ್ಕ್ ಮುಟ್ಟುವ ಮೊದಲು ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ.

ಕೊನೆಗೆ ಫಾಂಟ್. ಆಫೀಸ್ ಹಾಕುವ ಮೊದಲೇ ಹಾಕಿ. ಎಲ್ಲಾ ಆರಿಸಿ, ಬಲ ಕ್ಲಿಕ್ ಮಾಡಿ "ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್" ಒತ್ತಿ. ಬರೀ "ಇನ್‌ಸ್ಟಾಲ್" ಒತ್ತಿದರೆ ಅದು ನಿಮ್ಮ ಒಬ್ಬರ ಲಾಗಿನ್‌ಗೆ ಮಾತ್ರ ಕೂರುತ್ತದೆ, ಕೆಲವು ಸಾಫ್ಟ್‌ವೇರ್‌ಗೆ ಕಾಣುವುದೇ ಇಲ್ಲ. ತುಂಗಾ ಬೇಕಿದ್ದರೆ ಅದು ವಿಂಡೋಸ್‌ನ ಆಪ್ಶನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ ಇದೆ, ಅಲ್ಲಿಂದ ಸೇರಿಸಿಕೊಳ್ಳಬೇಕು.

ಹಂತ 5: ಆಫೀಸ್ ಹಾಕುವುದು

ಇಲ್ಲಿ ಎರಡೇ ಕಡೆ ಎಡವುತ್ತಾರೆ.

ಒಂದು, ಯಾರ ಮೇಲ್ ಐಡಿ? ಈಗಿನ ಆಫೀಸ್ ಲೈಸೆನ್ಸ್ ಮೈಕ್ರೋಸಾಫ್ಟ್ ಅಕೌಂಟ್‌ಗೆ ಅಂಟಿಕೊಳ್ಳುತ್ತದೆ. ಅಂಗಡಿಯಲ್ಲಿ "ನಾವೇ ಹಾಕಿ ಕೊಡ್ತೀವಿ" ಅಂತ ಹುಡುಗ ತನ್ನದೇ ಐಡಿಯಲ್ಲಿ ಹಾಕಿಕೊಡುತ್ತಾನೆ. ಆರು ತಿಂಗಳಿಗೆ ವಿಂಡೋಸ್ ಮತ್ತೆ ಹಾಕಬೇಕಾಗುತ್ತದೆ. ಆಗ ಆ ಹುಡುಗ ಕೆಲಸ ಬಿಟ್ಟಿರುತ್ತಾನೆ, ಪಾಸ್‌ವರ್ಡ್ ಅವನಿಗೂ ನೆನಪಿರುವುದಿಲ್ಲ. ದುಡ್ಡು ನಿಮ್ಮದು, ಲೈಸೆನ್ಸ್ ಅವನದು. ನಿಮ್ಮ ಐಡಿ, ನಿಮ್ಮ ಮೊಬೈಲ್ ನಂಬರ್ ಹಾಕಿ, ನೀವೇ ಕೂತು ಒತ್ತಿ. ಗುಮಾಸ್ತರ ಐಡಿಯೂ ಬೇಡ, ಕಚೇರಿಯದೊಂದು ಮಾಡಿಕೊಳ್ಳಿ.

ಎರಡು, 32 ಬಿಟ್ಟೋ 64 ಬಿಟ್ಟೋ? ಏನೂ ಹೇಳದಿದ್ದರೆ 64 ಬೀಳುತ್ತದೆ. ಸಾಮಾನ್ಯ ಕೆಲಸಕ್ಕೆ ಅದೇ ಸರಿ. ಆದರೆ ನಿಮ್ಮ ಬಳಿ ಹಳೇ ಮ್ಯಾಕ್ರೋ, ತಾರೀಖು ಆರಿಸುವ ಹಳೇ ಕ್ಯಾಲೆಂಡರ್ ಬಟನ್, ಯಾರೋ ಬರೆದುಕೊಟ್ಟ ಆಕ್ಸೆಸ್ ಡೇಟಾಬೇಸ್ ಇದ್ದರೆ ಡೌನ್‌ಲೋಡ್ ಮಾಡುವ ಜಾಗದಲ್ಲೇ ಅದರ್ ಆಪ್ಶನ್ಸ್‌ಗೆ ಹೋಗಿ 32 ಆರಿಸಿ. ಒಮ್ಮೆ ಹಾಕಿದ ಮೇಲೆ ಬದಲಿಸಲು ಪೂರ್ತಿ ತೆಗೆದು ಮತ್ತೆ ಹಾಕಬೇಕು.

ಹಾಕಿದ ಮೇಲೆ ಫೈಲ್, ಅಕೌಂಟ್‌ನಲ್ಲಿ "ಪ್ರಾಡಕ್ಟ್ ಆಕ್ಟಿವೇಟೆಡ್" ಅಥವಾ "ಸಬ್‌ಸ್ಕ್ರಿಪ್ಶನ್ ಪ್ರಾಡಕ್ಟ್" ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಮುಂದೆ ಹೋಗಬೇಡಿ.

ಹಂತ 6: ನುಡಿ, ಬರಹ ಫೈಲ್‌ಗಳು

ನಿಧಾನಕ್ಕೆ ಓದಿ. ನಮ್ಮ ಜಿಲ್ಲೆಯ ಟೈಪಿಂಗ್ ಅಂಗಡಿ, ವಕೀಲರ ಕಚೇರಿ, ಶಾಲೆಗಳಲ್ಲಿ ನಾನು ಕಂಡ ಹಾಳಾದ ಫೈಲ್‌ಗಳಲ್ಲಿ ಹೆಚ್ಚಿನವು ಈ ಹಂತದಲ್ಲೇ ಹಾಳಾದವು.

ಹಳೇ ನುಡಿ, ಬರಹದ ಫೈಲ್‌ನಲ್ಲಿ ನಿಜಕ್ಕೂ ಕನ್ನಡ ಅಕ್ಷರ ಇರುವುದೇ ಇಲ್ಲ. ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು. ನುಡಿಯಲ್ಲಿ 'ಕನ್ನಡ' ಎಂದು ಟೈಪ್ ಮಾಡಿದ್ದು ಒಳಗೆ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಹೀಗೆ ಕೂತಿರುತ್ತದೆ. ನುಡಿ ಫಾಂಟ್ ಅದರ ಮೇಲೆ ಕನ್ನಡದ ಅಂಗಿ ತೊಡಿಸುತ್ತದೆ, ಅಷ್ಟೆ. ಫಾಂಟ್ ಇಲ್ಲದ ಮಷೀನ್‌ನಲ್ಲಿ ಅಂಗಿ ಕಳಚಿ ಹುಳ ಕಾಣುತ್ತದೆ. ಫೈಲ್ ಕೆಟ್ಟಿಲ್ಲ. ಇದು ಗೊತ್ತಿದ್ದರೆ ಗಾಬರಿ ಆಗುವುದಿಲ್ಲ.

ಹೈಕೋರ್ಟ್ ಪೀಠದ ಕಡೆ ವಕೀಲರಿಗೆ ಟೈಪ್ ಮಾಡಿಕೊಡುವ ಒಬ್ಬರು ಗಾಬರಿಯಾದರು. ಹುಳ ಕಂಡವೇ ಕಂಟ್ರೋಲ್ ಎ ಒತ್ತಿ, ಪೂರ್ತಿ ಫೈಲ್‌ಗೆ ನುಡಿ ಫಾಂಟ್ ಕೊಟ್ಟು ಸೇವ್ ಮಾಡಿದರು. ಕನ್ನಡವೇನೋ ಬಂತು. ಆದರೆ ಅರ್ಜಿಯ ನಡುನಡುವೆ ಇದ್ದ ಇಂಗ್ಲಿಷ್ ಸಾಲುಗಳು, ಸೆಕ್ಷನ್‌ಗಳು, ಹಳೇ ತೀರ್ಪುಗಳ ಹೆಸರು ಎಲ್ಲವೂ ಅರ್ಥವಿಲ್ಲದ ಕನ್ನಡ ಅಕ್ಷರವಾದವು. ಯಾವ ಪದ ಕನ್ನಡ, ಯಾವುದು ಇಂಗ್ಲಿಷ್ ಅಂತ ಹೇಳುತ್ತಿದ್ದ ಒಂದೇ ಗುರುತು ಫಾಂಟ್‌ನ ಹೆಸರು. ಅದನ್ನೇ ಅಳಿಸಿಬಿಟ್ಟಿದ್ದರು. ನಲವತ್ತು ಪುಟವನ್ನು ಕೂತು ಕೈಯಲ್ಲೇ ಬಿಡಿಸಬೇಕಾಯಿತು. ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿದರೂ, ವಾಟ್ಸ್ಆಪ್‌ಗೆ ಕಾಪಿ ಮಾಡಿದರೂ ಇದೇ ಗತಿ.

ಸರಿಯಾದ ಕ್ರಮ ಹೀಗೆ:

1. ಫೈಲ್ ತೆರೆದಾಗ ಹುಳ ಕಂಡರೆ ಏನೂ ಒತ್ತದೆ, ಸೇವ್ ಮಾಡದೆ ಮುಚ್ಚಿ.
2. ಯಾವ ಫಾಂಟ್ ಇಲ್ಲ ಅಂತ ವರ್ಡ್ ತಾನೇ ಹೇಳುತ್ತದೆ. ಫೈಲ್ ತೆರೆದು ಆಪ್ಶನ್ಸ್, ಅಡ್ವಾನ್ಸ್ಡ್‌ನಲ್ಲಿ ಕೆಳಗೆ ಬಂದರೆ ಫಾಂಟ್ ಸಬ್‌ಸ್ಟಿಟ್ಯೂಶನ್ ಅಂತ ಬಟನ್ ಇದೆ. ಅಲ್ಲಿ ಬಂದ ಹೆಸರನ್ನು ಮೊದಲ ಹಂತದ ನೋಟ್‌ಬುಕ್ ಜತೆ ಹೋಲಿಸಿ, ಆ ಫಾಂಟ್ ಹಾಕಿ. ವರ್ಡ್ ಮುಚ್ಚಿ ತೆರೆಯಿರಿ.
3. ಅಕ್ಷರ ಸರಿ ಬಂದ ಮೇಲೆ ಮೂಲ ಫೈಲ್‌ಗಳನ್ನೆಲ್ಲ ಒಂದು ಫೋಲ್ಡರ್‌ಗೆ ಹಾಕಿ, ರೀಡ್ ಓನ್ಲಿ ಮಾಡಿಡಿ. ಇನ್ನು ಮುಂದಿನದೆಲ್ಲ ಕಾಪಿಯ ಮೇಲೆ.
4. ಬೇಕಾದ ಫೈಲ್ ಮಾತ್ರ ಯುನಿಕೋಡ್‌ಗೆ, ಅಂದರೆ ಒಳಗೂ ನಿಜವಾದ ಕನ್ನಡ ಅಕ್ಷರವೇ ಇರುವ ಬಗೆಗೆ, ಬದಲಿಸಿ. ನುಡಿ, ಬರಹ ಎರಡರಲ್ಲೂ ಪರಿವರ್ತಕ ಸಿಗುತ್ತದೆ. ನುಡಿ ಫೈಲ್‌ಗೆ ನುಡಿಯ ಲೆಕ್ಕ, ಬರಹ ಫೈಲ್‌ಗೆ ಬರಹದ ಲೆಕ್ಕ ಆರಿಸಬೇಕು. ಕಲಸಿದರೆ ಹೊಸ ಬಗೆಯ ಹುಳ ಬರುತ್ತದೆ.
5. ಕನ್ನಡ, ಇಂಗ್ಲಿಷ್ ಬೆರೆತಿರುವ ಫೈಲ್ ಆದರೆ ಕನ್ನಡದ ತುಂಡುಗಳನ್ನು ಮಾತ್ರ ಆರಿಸಿ ಬದಲಿಸಿ. ವರ್ಡ್‌ನಲ್ಲಿ ಒಂದು ಕನ್ನಡ ಪದದ ಮೇಲೆ ನಿಂತು ಸೆಲೆಕ್ಟ್ ಮೆನುವಿನಲ್ಲಿ ಅದೇ ಬಗೆಯ ಫಾರ್ಮ್ಯಾಟ್ ಇರುವುದನ್ನೆಲ್ಲ ಆರಿಸುವ ದಾರಿ ಇದೆ. ಯಾವುದೆಲ್ಲ ಕನ್ನಡ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ.

ಬದಲಿಸಿದ ಮೇಲೆ ಪೂರ್ತಿ ಓದಲು ಹೊತ್ತಿಲ್ಲದಿದ್ದರೆ ಅರ್ಕಾವತ್ತು ಇರುವ ಪದಗಳನ್ನಾದರೂ ನೋಡಿ: ಅರ್ಜಿದಾರ, ವರ್ಷ, ಕರ್ನಾಟಕ. ಹಳೇ ಫಾಂಟ್‌ನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ಆಮೇಲೆ ಕೂತಿರುತ್ತದೆ, ಯುನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಪರಿವರ್ತಕ ಎಡವುವುದು ಇಲ್ಲೇ. 'ಅರ್ಜಿದಾರ' ಸರಿ ಬಂದರೆ ನನಗೆ ಅರ್ಧ ಧೈರ್ಯ. ಆಮೇಲೆ ಅಂಕಿ ನೋಡಿ. ಸರ್ವೆ ನಂಬರ್, ಹುಟ್ಟಿದ ತಾರೀಖು, ರೂಪಾಯಿ, ಇವನ್ನು ಹಳೇ ಪ್ರಿಂಟ್ ಇಟ್ಟುಕೊಂಡು ಒಂದೊಂದಾಗಿ.

ಎಲ್ಲಾ ಫೈಲ್ ಬದಲಿಸಲೇಬೇಕಾ? ಬೇಡ. ಮುಗಿದ ಕೇಸಿನ ಕಡತ, ಹಳೇ ಲಗ್ನಪತ್ರಿಕೆ ಹಾಗೇ ಇರಲಿ. ದಿನಾ ಬಳಸುವ ನಮೂನೆಗಳು, 371(ಜೆ) ಪ್ರಮಾಣಪತ್ರದ ಅರ್ಜಿಯಂಥವು, ಮೇಲ್ ಮಾಡಬೇಕಾದವು, ಹುಡುಕಬೇಕಾದವು, ಅಷ್ಟನ್ನೇ ಬದಲಿಸಿ. ಹೊಸದಾಗಿ ಟೈಪ್ ಮಾಡುವುದನ್ನು ಮಾತ್ರ ಇವತ್ತಿನಿಂದಲೇ ಯುನಿಕೋಡ್‌ನಲ್ಲಿ ಮಾಡಿ.

ಹಳೇ ನುಡಿ ಫಾಂಟ್‌ನಲ್ಲೇ ಟೈಪ್ ಮುಂದುವರಿಸುವವರು ಒಂದು ಮರೆಯಬೇಡಿ. ಹೊಸ ವರ್ಡ್‌ನಲ್ಲಿ ಆಟೋಕರೆಕ್ಟ್ ಮತ್ತೆ ಆನ್ ಆಗಿರುತ್ತದೆ. ಸಾಲಿನ ಮೊದಲ ಅಕ್ಷರವನ್ನು ಅದು ಇಂಗ್ಲಿಷ್ ಅಂದುಕೊಂಡು ದೊಡ್ಡಕ್ಷರ ಮಾಡುತ್ತದೆ, ಕನ್ನಡದಲ್ಲಿ ಬೇರೆಯೇ ಅಕ್ಷರ ಬರುತ್ತದೆ. ಆಪ್ಶನ್ಸ್, ಪ್ರೂಫಿಂಗ್‌ನಲ್ಲಿ ಅದನ್ನು ಆಫ್ ಮಾಡಿ. "ಕೀಬೋರ್ಡ್ ಕೆಟ್ಟದ್ರೀ" ಅಂತ ಹೊಸದು ಕೊಂಡವರೂ ಇದ್ದಾರೆ.

ಹಂತ 7: ಎಕ್ಸೆಲ್ ಫೈಲ್‌ಗಳು

ಹಳೇ ಎಕ್ಸ್‌ಎಲ್‌ಎಸ್ ಫೈಲ್ ಹೊಸದರಲ್ಲಿ ತೆರೆದರೆ ಮೇಲೆ ಕಂಪ್ಯಾಟಿಬಿಲಿಟಿ ಮೋಡ್ ಅಂತ ಬರುತ್ತದೆ. ಹಳೇ ಬಗೆಯಲ್ಲಿ 65,536 ಸಾಲು ಮಾತ್ರ, ಹೊಸದರಲ್ಲಿ 10,48,576. ಬದಲಿಸುವಾಗ ಮ್ಯಾಕ್ರೋ ಇರುವ ಫೈಲ್‌ಗೆ ಎಕ್ಸ್‌ಎಲ್‌ಎಸ್‌ಎಂ ಆರಿಸಬೇಕು. ಸುಮ್ನೆ ಎಕ್ಸ್‌ಎಲ್‌ಎಸ್‌ಎಕ್ಸ್ ಅಂತ ಸೇವ್ ಮಾಡಿ ಬಂದ ಎಚ್ಚರಿಕೆಗೆ "ಯೆಸ್" ಒತ್ತಿದರೆ ಮ್ಯಾಕ್ರೋ ಹೋಗುತ್ತದೆ.

"ಅಪ್‌ಡೇಟ್ ಲಿಂಕ್ಸ್" ಅಂತ ಕೇಳಿದರೆ ಮೊದಲ ಸಲ ಅಪ್‌ಡೇಟ್ ಮಾಡಬೇಡಿ. ಡೇಟಾ ಮೆನುವಿನ ಲಿಂಕ್ಸ್‌ಗೆ ಹೋಗಿ ಅದು ಯಾವ ದಾರಿ ಹುಡುಕುತ್ತಿದೆ ನೋಡಿ, ಸರಿಯಾದ ಫೈಲ್ ತೋರಿಸಿ, ಆಮೇಲೆ ಅಪ್‌ಡೇಟ್.

ಮ್ಯಾಕ್ರೋ ಬ್ಲಾಕ್ ಆಗಿದೆ ಅಂತ ಕೆಂಪು ಪಟ್ಟಿ ಬಂದರೆ ಆ ಫೈಲ್ ಮೇಲ್ ಅಥವಾ ಇಂಟರ್‌ನೆಟ್ ಮೂಲಕ ಬಂದದ್ದು. ನಿಮ್ಮದೇ ಫೈಲ್ ಅಂತ ಖಾತ್ರಿ ಇದ್ದರೆ ಮಾತ್ರ ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಮಾಡಿ. ಎಲ್ಲಾ ಮ್ಯಾಕ್ರೋಗೂ ಬಾಗಿಲು ತೆರೆಯುವ ಸೆಟ್ಟಿಂಗ್ ಮುಟ್ಟಬೇಡಿ.

ಇನ್ನು ಹೊಸ ಆಫೀಸ್‌ನ ಒಂದು ಸದ್ದಿಲ್ಲದ ತೊಂದರೆ, ಆಟೋಸೇವ್. ಹಳೇ ಅಭ್ಯಾಸ ಏನು? ಹೋದ ತಿಂಗಳ ಸಂಬಳದ ಪಟ್ಟಿ ತೆರೆದು, ಅಂಕಿ ಬದಲಿಸಿ, ಕೊನೆಗೆ ಸೇವ್ ಆ್ಯಸ್ ಅಂತ ಬೇರೆ ಹೆಸರು ಕೊಡುವುದು. ಫೈಲ್ ಒನ್‌ಡ್ರೈವ್‌ನಲ್ಲಿದ್ದರೆ (ಇಂಟರ್‌ನೆಟ್‌ನಲ್ಲಿ ಫೈಲ್ ಇಡುವ ಮೈಕ್ರೋಸಾಫ್ಟ್‌ನ ಜಾಗ) ನೀವು ಅಂಕಿ ಬದಲಿಸಿದ ಕ್ಷಣಕ್ಕೇ ಹೋದ ತಿಂಗಳದ್ದು ಅಳಿದು ಹೋಗಿರುತ್ತದೆ. ವಿಂಡೋಸ್ 11ರಲ್ಲಿ ನಿಮ್ಮ ಡಾಕ್ಯುಮೆಂಟ್ಸ್ ನಿಮಗೆ ಗೊತ್ತಿಲ್ಲದೆ ಒನ್‌ಡ್ರೈವ್ ಒಳಗೆ ಹೋಗಿರಬಹುದು, ನೋಡಿಕೊಳ್ಳಿ. ದುಡ್ಡು ಕೊಡದೆ ಸಿಗುವುದು 5 ಜಿಬಿ, ಅದು ತುಂಬಿದ ಮೇಲೆ ಬೇರೆ ರಗಳೆ. ಮೇಲಿನ ಎಡ ಮೂಲೆಯ ಆಟೋಸೇವ್ ಆಫ್ ಮಾಡಿ, ಅಥವಾ ಮೊದಲು ಕಾಪಿ ಮಾಡಿ ಆಮೇಲೆ ತಿದ್ದಿ. ಈಗಾಗಲೇ ಅಳಿದಿದ್ದರೆ ಫೈಲ್, ಇನ್ಫೋದ ವರ್ಷನ್ ಹಿಸ್ಟರಿಯಲ್ಲಿ ಹಳೆಯದು ಸಿಗುತ್ತದೆ.

ಹಂತ 8: ಮೇಲ್ ಮತ್ತು ಪ್ರಿಂಟ್

ಹೊಸ ವಿಂಡೋಸ್ ಜತೆ ಬರುವ ಹೊಸ ಔಟ್‌ಲುಕ್‌ಗೂ ಆಫೀಸ್‌ನ ಕ್ಲಾಸಿಕ್ ಔಟ್‌ಲುಕ್‌ಗೂ ವ್ಯತ್ಯಾಸವಿದೆ. ಹಳೇ ಪಿಎಸ್‌ಟಿ ಇದ್ದವರು ಕ್ಲಾಸಿಕ್ ತೆರೆದು, ಫೈಲ್, ಓಪನ್‌ನಲ್ಲಿ ಔಟ್‌ಲುಕ್ ಡೇಟಾ ಫೈಲ್ ತೋರಿಸಿ. ಹೊರಗಿನ ಡಿಸ್ಕ್‌ನಿಂದಲೇ ತೆರೆಯಬೇಡಿ, ಮೊದಲು ಮಷೀನ್‌ಗೆ ಕಾಪಿ ಮಾಡಿ.

ಪ್ರಿಂಟರ್ ಡ್ರೈವರ್ ಹಾಕಿದ ಮೇಲೆ ಪೇಪರ್ ಅಳತೆ ನೋಡಿ. ಲೆಟರ್ ಅಂತ ಇದ್ದರೆ ಎ4 ಅಥವಾ ಲೀಗಲ್, ನಿಮಗೆ ಬೇಕಾದ್ದು ಮಾಡಿ. ಪುಟ ಒಡೆಯುವ ಜಾಗ ಬದಲಾದರೆ ಹೆಚ್ಚಾಗಿ ಕಾರಣ ಇದೇ, ಇಲ್ಲವೇ ಫಾಂಟ್. ಮೊದಲ ಹಂತದಲ್ಲಿ ತೆಗೆದಿಟ್ಟ ಹಾಳೆಗಳನ್ನು ಈಗ ತೆಗೆಯಿರಿ. ಅದೇ ಫೈಲ್‌ಗಳ ಹೊಸ ಪ್ರಿಂಟ್ ಹಾಕಿ, ಎರಡನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿಯಿರಿ. ಸಾಲಿನ ಮೇಲೆ ಸಾಲು ಕೂತರೆ ಸರಿ.

ಹಂತ 9: ಹಳೇ ಮಷೀನ್

ಒಂದು ಪೂರ್ತಿ ತಿಂಗಳು ಅದನ್ನು ಹಾಗೇ ಇಡಿ. ತಿಂಗಳ ಸಂಬಳ, ಜಿಎಸ್‌ಟಿ, ಬ್ಯಾಂಕ್ ಲೆಕ್ಕ ಎಲ್ಲಾ ಹೊಸದರಲ್ಲಿ ಒಂದು ಸುತ್ತು ಬರಲಿ. ಮೂಲೆಯಲ್ಲಿ ಬಟ್ಟೆ ಮುಚ್ಚಿಡಿ, ಪ್ಲಗ್ ತೆಗೆದಿಡಿ, ಆದರೆ ಮಾರಬೇಡಿ. ಎಕ್ಸ್‌ಚೇಂಜ್‌ನಲ್ಲಿ ಅದಕ್ಕೆ ಸಿಗುವ ರೊಕ್ಕ ಎಷ್ಟು, ಅದರೊಳಗಿರುವುದರ ಬೆಲೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ತಿಂಗಳು ಕಳೆದ ಮೇಲೆ ಮೈಕ್ರೋಸಾಫ್ಟ್ 365 ಇದ್ದವರು ಅಕೌಂಟ್ ಪುಟಕ್ಕೆ ಹೋಗಿ ಹಳೇ ಮಷೀನ್‌ನಿಂದ ಸೈನ್ ಔಟ್ ಮಾಡಿ. ಕೊಡುವ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿಸಿಕೊಂಡು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಎರಡು ಸ್ಕ್ರೂ, ಎರಡು ವೈರ್, ಅಷ್ಟೇ ಕೆಲಸ. ಅದರ ಮೇಲೆ ಮಾರ್ಕರ್‌ನಿಂದ ತಾರೀಖು ಬರೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬೀರುವಿನಲ್ಲಿಡಿ. ಮೇಲಿನ ಖಾನೆ ಬೇಡ, ನಮ್ಮ ಊರಿನ ಬೇಸಿಗೆಗೆ ತಗಡಿನ ಬೀರುವಿನ ಮೇಲಿನ ಖಾನೆ ಒಲೆ ಇದ್ದ ಹಾಗೆ.